ಮಿಡಿ ನಿಯಂತ್ರಣ ಫಲಕ

ಮಿಡಿ ನಿಯಂತ್ರಣ ಫಲಕ ಎಂದರೆ ಸಿಂಥಸೈಜರ್, ಡ್ರಮ್ ಯಂತ್ರ, ಎಫೆಕ್ಟ್ ಸಾಧನ ಮೊದಲಾದ ಮಿಡಿ ಉಪಕರಣಗಳ ಆಂತರಿಕ ಹೊಂದಾಣಿಕೆಗಳನ್ನು ಕಂಪ್ಯೂಟರ್ ಪರದೆಯಿಂದಲೇ ಬದಲಾಯಿಸಲು ಸಂಗೀತ ತಂತ್ರಾಂಶದಲ್ಲಿ ಬಳಕೆದಾರರು ರಚಿಸಿಕೊಳ್ಳುವ ಚಿತ್ರರೂಪದ ಫಲಕ. ಇದರ ಮೇಲಿನ ಪ್ರತಿಯೊಂದು ತಿರುಗುಗುಂಡಿ, ಸ್ಲೈಡರ್ ಅಥವಾ ಒತ್ತುಗುಂಡಿಯೂ ಒಂದು ನಿರ್ದಿಷ್ಟ ಮಿಡಿ ಸಂದೇಶಕ್ಕೆ ಜೋಡಣೆಯಾಗಿರುತ್ತದೆ. ಮೌಸ್‌ನಿಂದ ಅದನ್ನು ಸರಿಸಿದಾಗ ಆ ಸಂದೇಶವು ಉಪಕರಣಕ್ಕೆ ರವಾನೆಯಾಗಿ ಅದರ ನಾದ ಬದಲಾಗುತ್ತದೆ. ಫಲಕದ ಚಿತ್ರವನ್ನು ಬಿಡಿಸುವುದು ಈ ಕೆಲಸದ ಸುಲಭವಾದ ಭಾಗ. ಉಪಕರಣವು ಯಾವ ಸಂದೇಶವನ್ನು ಯಾವ ರೂಪದಲ್ಲಿ ನಿರೀಕ್ಷಿಸುತ್ತದೆ ಎಂಬುದನ್ನು ತಪ್ಪಿಲ್ಲದೆ ತಿಳಿಯುವುದು ಮತ್ತು ಪರದೆಯ ಮೇಲಿನ ಸ್ಥಿತಿಯನ್ನು ಉಪಕರಣದ ನಿಜಸ್ಥಿತಿಯೊಂದಿಗೆ ಸರಿಹೊಂದಿಸುವುದು ಕಷ್ಟದ ಭಾಗ.

ಹಿನ್ನೆಲೆ

1970ರ ದಶಕದ ಹಲವು ಅನಲಾಗ್ ಸಿಂಥಸೈಜರ್‌ಗಳಲ್ಲಿ ಬಹುತೇಕ ಪ್ರತಿ ಹೊಂದಾಣಿಕೆಗೂ ಒಂದು ಪ್ರತ್ಯೇಕ ಗುಂಡಿಯಿರುತ್ತಿತ್ತು. ಡಿಜಿಟಲ್ ಉಪಕರಣಗಳು ಬಂದಾಗ ಈ ಪದ್ಧತಿ ಬದಲಾಯಿತು. 1983ರಲ್ಲಿ ಮಾರುಕಟ್ಟೆಗೆ ಬಂದ ಯಮಹಾ ಡಿಎಕ್ಸ್7 ಇದಕ್ಕೆ ಪ್ರಸಿದ್ಧ ಉದಾಹರಣೆ. ಇದರ ಒಂದು ಧ್ವನಿವಿನ್ಯಾಸದಲ್ಲಿ 145 ನಿಯತಾಂಕಗಳೂ 10 ಅಕ್ಷರಗಳ ಹೆಸರೂ ಇರುತ್ತವೆ. ಆದರೆ ಅವೆಲ್ಲವನ್ನೂ ತಿದ್ದಲು ಇದ್ದದ್ದು ಪೊರೆಯಂಥ ಒತ್ತುಗುಂಡಿಗಳು, ಮೌಲ್ಯ ಬದಲಿಸುವ ಒಂದೇ ಒಂದು ಸ್ಲೈಡರ್ ಮತ್ತು ಸಾಲಿಗೆ 16 ಅಕ್ಷರಗಳಂತೆ ಎರಡು ಸಾಲುಗಳ ಪುಟ್ಟ ಪರದೆ. ಒಮ್ಮೆಗೆ ಒಂದೇ ನಿಯತಾಂಕ ಕಣ್ಣಿಗೆ ಬೀಳುತ್ತಿದ್ದುದರಿಂದ ಹೆಚ್ಚಿನವರು ಕಾರ್ಖಾನೆಯಿಂದ ಬಂದ ಸಿದ್ಧ ಧ್ವನಿಗಳಲ್ಲೇ ತೃಪ್ತರಾದರು. ರೋಲ್ಯಾಂಡ್ ಸಂಸ್ಥೆಯು 1987ರ ತನ್ನ ಡಿ-50 ಸಿಂಥಸೈಜರ್‌ಗೆ ಪಿಜಿ-1000 ಎಂಬ ಸ್ಲೈಡರ್‌ಗಳ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಮಾರಿತು. ತಂತ್ರಾಂಶದ ಫಲಕವು ಅಂಥ ಪೆಟ್ಟಿಗೆಯ ಕೆಲಸವನ್ನೇ ಪರದೆಯ ಮೇಲೆ ಮಾಡುತ್ತದೆ.

ಸಂದೇಶಗಳ ವಿಧಗಳು

ಮಿಡಿಯಲ್ಲಿ ದತ್ತಾಂಶದ ಪ್ರತಿ ಬೈಟ್‌ನಲ್ಲಿ 7 ಬಿಟ್‌ಗಳಷ್ಟೇ ಮೌಲ್ಯಕ್ಕೆ ದೊರೆಯುತ್ತವೆ. ಆದ್ದರಿಂದ ಒಂದು ಬೈಟ್‌ನ ಮೌಲ್ಯ 0ರಿಂದ 127ರವರೆಗೆ ಮಾತ್ರ ಇರಬಲ್ಲದು. ಫಲಕಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಮೂರು ಬೈಟ್‌ಗಳ ‘ಕಂಟ್ರೋಲ್ ಚೇಂಜ್’ ಸಂದೇಶ. ಇದರಲ್ಲಿ 1 ಮಾಡ್ಯುಲೇಶನ್, 7 ಧ್ವನಿಮಟ್ಟ, 10 ಎಡಬಲ ಸ್ಥಾನ ಎಂದು ಕೆಲವು ಸಂಖ್ಯೆಗಳ ಅರ್ಥ ಮೊದಲೇ ನಿಗದಿಯಾಗಿದೆ. ಇನ್ನೂ ಸೂಕ್ಷ್ಮ ಹಂತಗಳು ಬೇಕಾದಲ್ಲಿ ‘ಎನ್‌ಆರ್‌ಪಿಎನ್’ ವಿಧಾನವಿದೆ. ಇದರಲ್ಲಿ 99 ಮತ್ತು 98ನೇ ಕಂಟ್ರೋಲರ್‌ಗಳು ನಿಯತಾಂಕವನ್ನು ಆರಿಸುತ್ತವೆ; 6 ಮತ್ತು 38ನೇ ಕಂಟ್ರೋಲರ್‌ಗಳು ಮೌಲ್ಯವನ್ನು ತಿಳಿಸುತ್ತವೆ. ಹೀಗೆ 16,384 ಹಂತಗಳು ಲಭ್ಯವಾಗುತ್ತವೆ.

ಹಳೆಯ ಉಪಕರಣಗಳ ಒಳಗಿನ ನಿಯತಾಂಕಗಳನ್ನು ತಲುಪಲು ಬಹುಪಾಲು ಅಗತ್ಯವಾಗುವುದು ‘ಸಿಸ್ಟಮ್ ಎಕ್ಸ್‌ಕ್ಲೂಸಿವ್’ ಸಂದೇಶ. ಇದು 240 ಎಂಬ ಬೈಟ್‌ನಿಂದ ಆರಂಭವಾಗಿ 247ರಿಂದ ಮುಗಿಯುತ್ತದೆ. ಎರಡನೆಯ ಬೈಟ್ ತಯಾರಕರ ಗುರುತು: ರೋಲ್ಯಾಂಡ್‌ಗೆ 65, ಕಾರ್ಗ್‌ಗೆ 66, ಯಮಹಾಕ್ಕೆ 67. ಅನಂತರದ ಬೈಟ್‌ಗಳ ಅರ್ಥವನ್ನು ತಯಾರಕರೇ ನಿರ್ಧರಿಸುತ್ತಾರೆ. ಆ ವಿವರ ಉಪಕರಣದ ಕೈಪಿಡಿಯ ಕೊನೆಯಲ್ಲಿ ಕೋಷ್ಟಕಗಳ ರೂಪದಲ್ಲಿರುವುದು ವಾಡಿಕೆ. ಕೈಪಿಡಿಗಳು ಈ ಸಂಖ್ಯೆಗಳನ್ನು ಸಾಮಾನ್ಯವಾಗಿ 16ರ ಮೂಲದ ಹೆಕ್ಸಾಡೆಸಿಮಲ್ ಪದ್ಧತಿಯಲ್ಲಿ ಮುದ್ರಿಸುತ್ತವೆ. ಅಲ್ಲಿ ಯಮಹಾದ 67 ಎಂಬುದು 43 ಎಂದು ಕಾಣುತ್ತದೆ. ಎರಡು ಪದ್ಧತಿಗಳನ್ನು ಬೆರೆಸಿದರೆ ಉಪಕರಣವು ಸಂದೇಶವನ್ನು ಸದ್ದಿಲ್ಲದೆ ಕಡೆಗಣಿಸುತ್ತದೆ. ಹೊಸಬರ ಫಲಕಗಳು ಕೆಲಸ ಮಾಡದಿರಲು ಇದೊಂದು ಸಾಮಾನ್ಯ ಕಾರಣ.

ರೋಲ್ಯಾಂಡ್ ಉಪಕರಣಗಳು ಸಂದೇಶದ ಕೊನೆಯಲ್ಲಿ ತಾಳೆಸಂಖ್ಯೆಯೊಂದನ್ನೂ ಅಪೇಕ್ಷಿಸುತ್ತವೆ. ವಿಳಾಸ ಮತ್ತು ಮೌಲ್ಯದ ಬೈಟ್‌ಗಳನ್ನೆಲ್ಲ ಕೂಡಿಸಿ, ಮೊತ್ತವನ್ನು 128ರಿಂದ ಭಾಗಿಸಿ, ಉಳಿದ ಶೇಷವನ್ನು 128ರಿಂದ ಕಳೆಯಬೇಕು. ಶೇಷ 0 ಆಗಿದ್ದರೆ ತಾಳೆಸಂಖ್ಯೆಯೂ 0. ಉದಾಹರಣೆಗೆ, ಜಿಎಸ್ ಮಾದರಿಯ ಉಪಕರಣವನ್ನು ಆರಂಭಸ್ಥಿತಿಗೆ ತರುವ ಸಂದೇಶದಲ್ಲಿ ಈ ಬೈಟ್‌ಗಳು 64, 0, 127, 0. ಮೊತ್ತ 191, ಶೇಷ 63, ತಾಳೆಸಂಖ್ಯೆ 65. ಸ್ಲೈಡರ್ ಸರಿದಂತೆಲ್ಲ ಮೌಲ್ಯ ಬದಲಾಗುವುದರಿಂದ ಈ ಲೆಕ್ಕವನ್ನು ಪ್ರತಿ ಸಲವೂ ಮಾಡಬೇಕು. ತಾಳೆಸಂಖ್ಯೆಯನ್ನು ತಾನೇ ಗುಣಿಸಿಕೊಳ್ಳಲಾರದ ತಂತ್ರಾಂಶವು ಇಂಥ ಉಪಕರಣಗಳಿಗೆ ಪ್ರಯೋಜನಕ್ಕೆ ಬಾರದು.

ಡಿಎಕ್ಸ್7 ಫಲಕದ ರಚನೆ

ಡಿಎಕ್ಸ್7ನಲ್ಲಿ ಒಂದು ನಿಯತಾಂಕವನ್ನು ಬದಲಿಸುವ ಸಂದೇಶ ಏಳು ಬೈಟ್‌ಗಳದು. ಅದರ ಆರು ಆಪರೇಟರ್‌ಗಳು, ಅಂದರೆ ನಾದವನ್ನು ಹುಟ್ಟಿಸುವ ಘಟಕಗಳು, ಒಂದಕ್ಕೊಂದು ಹೇಗೆ ಜೋಡಣೆಯಾಗಬೇಕು ಎಂಬುದನ್ನು ‘ಅಲ್ಗಾರಿದಮ್’ ಎಂಬ ನಿಯತಾಂಕ ನಿರ್ಧರಿಸುತ್ತದೆ. ಅದರ ಕ್ರಮಸಂಖ್ಯೆ 134. ಈ ಸಂಖ್ಯೆ 127ನ್ನು ಮೀರುವುದರಿಂದ ಅದನ್ನು 128 ಮತ್ತು 6 ಎಂದು ಒಡೆದು ಎರಡು ಬೈಟ್‌ಗಳಲ್ಲಿ ಕಳುಹಿಸಬೇಕಾಗುತ್ತದೆ. ಒಂದನೇ ಚಾನೆಲ್‌ನಲ್ಲಿ ಐದನೇ ಅಲ್ಗಾರಿದಮ್ ಆರಿಸುವ ಪೂರ್ಣ ಸಂದೇಶ ಹೀಗಿದೆ: 240, 67, 16, 1, 6, 4, 247. ಐದನೆಯದಕ್ಕೆ 4 ಎಂದು ಕಳುಹಿಸುವುದು ಗಮನಾರ್ಹ. ಉಪಕರಣದ ಪರದೆಯು 1ರಿಂದ 32ರವರೆಗೆ ಎಣಿಸಿದರೆ ಸಂದೇಶವು 0ರಿಂದ 31ರವರೆಗೆ ಎಣಿಸುತ್ತದೆ. ಇದೇ ರೀತಿ ಡಿಟ್ಯೂನ್ ಮೌಲ್ಯ ಪರದೆಯಲ್ಲಿ ಋಣ 7ರಿಂದ ಧನ 7ರವರೆಗೆ ಕಾಣುತ್ತದೆ, ಸಂದೇಶದಲ್ಲಿ 0ರಿಂದ 14ರವರೆಗೆ ಹೋಗುತ್ತದೆ. ಆದ್ದರಿಂದ ಫಲಕದಲ್ಲಿ ತೋರಿಸುವ ಸಂಖ್ಯೆಯನ್ನೂ ಕಳುಹಿಸುವ ಸಂಖ್ಯೆಯನ್ನೂ ಬೇರೆಬೇರೆಯಾಗಿ ನಮೂದಿಸಬೇಕು.

ಪ್ರತಿ ಆಪರೇಟರ್‌ಗೂ 21 ನಿಯತಾಂಕಗಳಿವೆ. ಕೋಷ್ಟಕದಲ್ಲಿ ಅವು ತಲೆಕೆಳಗಾದ ಕ್ರಮದಲ್ಲಿವೆ: ಆರನೆಯ ಆಪರೇಟರ್ 0ಯಿಂದ ಆರಂಭವಾದರೆ ಒಂದನೆಯದು 105ರಿಂದ ಆರಂಭವಾಗುತ್ತದೆ. ಆರನೆಯದಕ್ಕೆ ಒಂದು ಗುಂಪು ಗುಂಡಿಗಳನ್ನು ಪೂರ್ಣವಾಗಿ ಸಿದ್ಧಪಡಿಸಿ ಪರೀಕ್ಷಿಸಿ, ಬಳಿಕ ಅದನ್ನೇ ನಕಲು ಮಾಡಿ ಕ್ರಮಸಂಖ್ಯೆಗೆ 21ರಂತೆ ಕೂಡಿಸುತ್ತ ಹೋದರೆ ಉಳಿದ ಐದು ಗುಂಪುಗಳು ದೊರೆಯುತ್ತವೆ. ಇಷ್ಟೆಲ್ಲ ಸರಿಯಿದ್ದರೂ ಮೂಲ ಡಿಎಕ್ಸ್7ನಲ್ಲಿ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಸ್ವೀಕಾರವನ್ನು ಉಪಕರಣದ ಮೇಲೆಯೇ ಚಾಲೂ ಮಾಡದಿದ್ದರೆ ಯಾವ ಸಂದೇಶವೂ ಪರಿಣಾಮ ಬೀರದು.

ಸ್ಥಿತಿಯ ಹೊಂದಾಣಿಕೆ

ತೆರೆದ ಕೂಡಲೇ ಫಲಕಕ್ಕೆ ಉಪಕರಣದೊಳಗಿನ ಮೌಲ್ಯಗಳು ತಿಳಿದಿರುವುದಿಲ್ಲ. ಪರದೆಯಲ್ಲಿ ಸ್ಲೈಡರ್ 20ರಲ್ಲಿದ್ದು ಉಪಕರಣದಲ್ಲಿ ಮೌಲ್ಯ 90 ಇದ್ದರೆ, ಸ್ಲೈಡರನ್ನು ಮುಟ್ಟಿದ ಕ್ಷಣದಲ್ಲಿ ನಾದ ಹಠಾತ್ತನೆ ಜಿಗಿಯುತ್ತದೆ. ಇದಕ್ಕೆ ಎರಡು ಪರಿಹಾರಗಳು ರೂಢಿಯಲ್ಲಿವೆ. ಒಂದು, ಫಲಕದ ಎಲ್ಲ ಮೌಲ್ಯಗಳನ್ನೂ ಉಪಕರಣಕ್ಕೆ ಕಳುಹಿಸಿ ಅದನ್ನು ತನ್ನಂತೆ ಮಾಡಿಕೊಳ್ಳುವುದು. ಇದರಲ್ಲಿ ಉಳಿಸದೆ ಇದ್ದ ಧ್ವನಿ ಅಳಿಸಿಹೋಗುವ ಅಪಾಯವಿದೆ. ಇನ್ನೊಂದು, ಉಪಕರಣದಿಂದ ಇಡೀ ಧ್ವನಿವಿನ್ಯಾಸದ ದತ್ತಾಂಶವನ್ನು ತರಿಸಿ ಬಿಡಿಸಿ ಗುಂಡಿಗಳನ್ನು ಅದಕ್ಕೆ ತಕ್ಕಂತೆ ಇರಿಸುವುದು. ಮಿಡಿ ಕೇಬಲ್‌ನಲ್ಲಿ ದತ್ತಾಂಶ ಒಂದೇ ದಿಕ್ಕಿಗೆ ಹರಿಯುವುದರಿಂದ ಇದಕ್ಕೆ ಎರಡು ಕೇಬಲ್‌ಗಳು ಬೇಕು. ಬಂದ ಮೌಲ್ಯದಿಂದ ಗುಂಡಿ ಸರಿದಾಗ ಅದು ಮತ್ತೆ ಸಂದೇಶ ಕಳುಹಿಸದಂತೆಯೂ ತಡೆಯಬೇಕು. ಇಲ್ಲವಾದರೆ ಸಂದೇಶಗಳು ಎರಡೂ ಕಡೆ ಪ್ರತಿಧ್ವನಿಸುತ್ತ ಉಳಿಯುತ್ತವೆ.

ವೇಗದ ಮಿತಿ

ಮೂಲ ಮಿಡಿ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್‌ಗಳು. ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ ಒಂದು ಬೈಟ್‌ಗೆ 10 ಬಿಟ್‌ಗಳು ಬೇಕಾಗುವುದರಿಂದ ಸೆಕೆಂಡಿಗೆ 3,125 ಬೈಟ್‌ಗಳಷ್ಟೇ ಸಾಗುತ್ತವೆ. ಮೂರು ಬೈಟ್‌ಗಳ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್, ಡಿಎಕ್ಸ್7ನ ಏಳು ಬೈಟ್‌ಗಳಿಗೆ ಸುಮಾರು 2.2 ಮಿಲಿಸೆಕೆಂಡ್, ಅದರ 32 ಧ್ವನಿಗಳ 4,104 ಬೈಟ್‌ಗಳ ಪೂರ್ಣ ಸಂಗ್ರಹಕ್ಕೆ ಸುಮಾರು 1.3 ಸೆಕೆಂಡ್ ಹಿಡಿಯುತ್ತದೆ. ಹಳೆಯ ಉಪಕರಣಗಳ ಸಂಸ್ಕಾರಕಗಳು ಈ ವೇಗವನ್ನೂ ತಾಳಲಾರದೆ ಬೈಟ್‌ಗಳನ್ನು ಕಳೆದುಕೊಳ್ಳುವುದುಂಟು. ಹಾಗಾಗಿ ಸಂದೇಶಗಳ ನಡುವೆ ಬಿಡುವು ಕೊಡುವ ಸೌಲಭ್ಯವನ್ನು ಫಲಕದಲ್ಲಿ ಇಡಲಾಗುತ್ತದೆ.

ಬಳಕೆಯಲ್ಲಿರುವ ತಂತ್ರಾಂಶಗಳು

ಎಮಾಜಿಕ್ ಸಂಸ್ಥೆಯ ಲಾಜಿಕ್‌ನಲ್ಲಿದ್ದ ‘ಎನ್ವಿರಾನ್‌ಮೆಂಟ್’ ಕಿಟಕಿಯಲ್ಲಿ ಫೇಡರ್‌ಗಳನ್ನು ಇರಿಸಿ ತಂತಿಗಳಿಂದ ಜೋಡಿಸಬಹುದಾಗಿತ್ತು. 2002ರಲ್ಲಿ ಆ ಸಂಸ್ಥೆಯನ್ನು ಆಪಲ್ ಕೊಂಡ ನಂತರವೂ ಈ ಸೌಲಭ್ಯ ಮುಂದುವರಿಯಿತು. ಕೇಕ್‌ವಾಕ್‌ನಲ್ಲಿ ಇಂಥ ಫಲಕಗಳಿಗೆ ‘ಸ್ಟುಡಿಯೊವೇರ್’ ಎಂಬ ಹೆಸರಿತ್ತು. ಒಂದು ತಂತ್ರಾಂಶದೊಳಗೆ ಕಟ್ಟಿದ ಫಲಕ ಇನ್ನೊಂದರಲ್ಲಿ ತೆರೆಯುವುದಿಲ್ಲ. ತಯಾರಕರು ಆ ಸೌಲಭ್ಯವನ್ನು ಕೈಬಿಟ್ಟರೆ ವರ್ಷಗಳ ಶ್ರಮವೂ ಅದರೊಂದಿಗೆ ಹೋಗುತ್ತದೆ. ಈ ದೃಷ್ಟಿಯಿಂದ ಯಾವುದೇ ಒಂದು ತಂತ್ರಾಂಶಕ್ಕೆ ಅಂಟಿಕೊಳ್ಳದ ಸಾಧನಗಳು ಹೆಚ್ಚು ಬಾಳಿಕೆ ಬರುತ್ತವೆ. ಕಂಟ್ರೋಲರ್ ಎಂಬ ಪದವನ್ನು ಸಂಕ್ಷೇಪಿಸಿ ಹೆಸರಿಸಿದಂತಿರುವ ‘ಸಿ-ಟಿ-ಆರ್-ಎಲ್-ಆರ್’ ಮುಕ್ತ ಆಕರದ ತಂತ್ರಾಂಶವಾಗಿದ್ದು, ಸ್ವತಂತ್ರವಾಗಿಯೂ ಪ್ಲಗ್‌ಇನ್ ಆಗಿಯೂ ನಡೆಯುತ್ತದೆ. ಲೆಕ್ಕಾಚಾರಗಳಿಗೆ ಅದರಲ್ಲಿ ಲುವಾ ಭಾಷೆಯನ್ನು ಬಳಸಬಹುದು. ಮ್ಯಾಕ್ಸ್ ಮತ್ತು ಪ್ಯೂರ್ ಡೇಟಾಗಳಲ್ಲಿಯೂ ಫಲಕಗಳನ್ನು ಕಟ್ಟಬಹುದು. ಡಿಎಕ್ಸ್7 ಇರುವವರಿಗೆ ಡೆಕ್ಸೆಡ್ ಎಂಬ ಮುಕ್ತ ಪ್ಲಗ್‌ಇನ್ ಸಿದ್ಧಫಲಕದಂತೆಯೂ ಒದಗುತ್ತದೆ.

ಪ್ಲಗ್‌ಇನ್ ರೂಪದ ಫಲಕಗಳಿಗೆ ಒಂದು ತೊಡಕಿದೆ. ಅನೇಕ ಸಂಗೀತ ತಂತ್ರಾಂಶಗಳು ಪ್ಲಗ್‌ಇನ್ ಮೂಲಕ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಸಂದೇಶಗಳನ್ನು ಹಾದುಹೋಗಲು ಬಿಡುವುದಿಲ್ಲ. ಆಗ ಫಲಕವೇ ನೇರವಾಗಿ ಮಿಡಿ ಪೋರ್ಟನ್ನು ತೆರೆಯಬೇಕಾಗುತ್ತದೆ. ವಿಂಡೋಸ್‌ನ ಹಲವು ಡ್ರೈವರ್‌ಗಳು ಒಂದು ಪೋರ್ಟನ್ನು ಒಮ್ಮೆಗೆ ಒಂದೇ ತಂತ್ರಾಂಶಕ್ಕೆ ಕೊಡುವುದರಿಂದ, ಅಂಥ ಕಡೆ ಆ ಪೋರ್ಟನ್ನು ಮುಖ್ಯ ತಂತ್ರಾಂಶದಲ್ಲಿ ನಿಷ್ಕ್ರಿಯಗೊಳಿಸುವುದು ಅಥವಾ ಕಾಲ್ಪನಿಕ ಪೋರ್ಟ್‌ಗಳನ್ನು ಬಳಸುವುದು ಅನಿವಾರ್ಯ.

ಮಿಡಿ 2.0

2020ರ ಜನವರಿಯಲ್ಲಿ ಅಂಗೀಕೃತವಾದ ಮಿಡಿ 2.0ರಲ್ಲಿ ಕಂಟ್ರೋಲರ್ ಮೌಲ್ಯಗಳು 32 ಬಿಟ್‌ಗಳಿಗೆ ಹಿಗ್ಗಿವೆ. ಉಪಕರಣ ಮತ್ತು ತಂತ್ರಾಂಶಗಳು ಪರಸ್ಪರ ಪ್ರಶ್ನಿಸಿ ಗುಣವಿವರಗಳನ್ನು ಪಡೆಯುವ ‘ಪ್ರಾಪರ್ಟಿ ಎಕ್ಸ್‌ಚೇಂಜ್’ ವ್ಯವಸ್ಥೆಯೂ ಇದರ ಭಾಗ. ಇದನ್ನು ಬೆಂಬಲಿಸುವ ಉಪಕರಣವು ತನ್ನ ನಿಯತಾಂಕಗಳ ಪಟ್ಟಿಯನ್ನು ತಾನೇ ಒಪ್ಪಿಸಬಲ್ಲದು. ಹಳೆಯ ಉಪಕರಣಗಳಿಗೆ ಕೈಪಿಡಿಯ ಕೋಷ್ಟಕವೇ ಈಗಲೂ ಆಧಾರ.