ಅಂಕಪಟ್ಟಿಗಿಂತ ಮೊದಲು ಹಾಜರಿ ಪುಸ್ತಕ

ಮಗು ಓದಿನಲ್ಲಿ ಹಿಂದೆ ಬೀಳುತ್ತಿದೆ ಎಂಬುದು ಶಾಲೆಗೆ ಗೊತ್ತಾಗುವುದು ಯಾವಾಗ? ಪರೀಕ್ಷೆ ಮುಗಿದು ಅಂಕ ಬಂದ ಮೇಲೆ ಎಂದು ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗೆ ಸರ್ಕಾರಿ ಶಾಲೆ ಕಾಲಿಟ್ಟು ಒಂದೂವರೆ ಶತಮಾನವಾಯಿತು. ಆ ಚರಿತ್ರೆಯನ್ನು ನೋಡಿದರೆ ಬೇರೆಯದೇ ಉತ್ತರ ಸಿಗುತ್ತದೆ. ಇಲ್ಲಿ ಮಗುವಿನ ತೊಡಕು ಮೊದಲು ಕಂಡದ್ದು ಗೈರುಹಾಜರಿಯಲ್ಲಿ. ಅದರ ಬೇರು ಇದ್ದದ್ದು ಮನೆಯಲ್ಲಿ: ಮಗ್ಗದ ಕೆಲಸ, ಹುಳು ಸಾಕಣೆ, ರಾಗಿ ಕೊಯ್ಲು, ತೀರದ ಸಾಲ. ಬೆಂಚಿನ ಮೇಲಿನ ಖಾಲಿ ಜಾಗವನ್ನು ನೋಡಿ ಮನೆಯ ಕಡೆ ಹೆಜ್ಜೆ ಹಾಕಿದ ವ್ಯವಸ್ಥೆಗಳು ಮಕ್ಕಳನ್ನು ಉಳಿಸಿಕೊಂಡವು. ಅದನ್ನು ಮಗುವಿನ ಸೋಮಾರಿತನ ಎಂದೋ ತಂದೆತಾಯಿಯ ಅಪರಾಧ ಎಂದೋ ಬಗೆದ ವ್ಯವಸ್ಥೆಗಳು ಕಳೆದುಕೊಂಡವು. ಬೇಗ ಕೊಟ್ಟ ನೆರವಿಗೆ ಇಲ್ಲಿ ಫಲ ಸಿಕ್ಕಿದೆ ಎಂಬುದಕ್ಕೆ ಸಾಕ್ಷ್ಯವಿದೆ. ಆದರೂ ನಮ್ಮ ನೆರವು ಬಹುತೇಕ ತಡವಾಗಿ, ಅದೂ ಆಗಲೇ ಚುರುಕಾಗಿದ್ದವರಿಗೇ ತಲುಪಿದೆ.

ಸರ್ಕಾರದ ಶಾಲೆಗೆ ಮೊದಲು ಕನ್ನಡ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುವ ಅಯ್ಯನವರು, ಅವರಿಗೆ ಮನೆಮನೆಯಿಂದ ಬರುವ ದವಸ. ಅದರ ಒಳನಡವಳಿಕೆಯನ್ನು ವಿವರವಾಗಿ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್. 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಅವನು ಕಳಿಸಿದ ವರದಿಯಲ್ಲಿ 533 ಶಾಲೆಗಳೂ 6,641 ಮಕ್ಕಳೂ ಲೆಕ್ಕಕ್ಕೆ ಬಂದಿದ್ದಾರೆ. ಬಳ್ಳಾರಿ ಆಗ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ನಿಜ. ಆದರೆ ಕೂಲಿಮಠದ ಪದ್ಧತಿ ಗಡಿಯ ಎರಡೂ ಬದಿಗೆ ಬಹುಮಟ್ಟಿಗೆ ಒಂದೇ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಓದದ ಹುಡುಗನ ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದುದನ್ನೂ, ಅಂದರೆ ನಮ್ಮ ಅಜ್ಜಂದಿರ ಕಾಲದ ಕೋದಂಡವನ್ನೂ, ಕ್ಯಾಂಬೆಲ್ ದಾಖಲಿಸಿದ್ದಾನೆ. ಗೈರುಹಾಜರಿಯನ್ನು ಗುರುತಿಸುವ ಕಣ್ಣು ಆ ಶಾಲೆಗೆ ಇತ್ತು. ಮೇಲಿನ ಹುಡುಗರು ಕೆಳಗಿನವರಿಗೆ ಕಲಿಸುವ ಏರ್ಪಾಡೂ ಇತ್ತು. ಇಂಥದೇ ಏರ್ಪಾಡನ್ನು ಆಂಡ್ರ್ಯೂ ಬೆಲ್ ಮದರಾಸಿನಿಂದ ಇಂಗ್ಲೆಂಡಿಗೆ ಕೊಂಡೊಯ್ದು ಹೆಸರು ಮಾಡಿದ. ಇಲ್ಲದೆ ಇದ್ದದ್ದು, ತಡವಾಗಿ ಬಂದವನ ಮನೆಯಲ್ಲಿ ಏನಾಗಿದೆ ಎಂದು ಕೇಳುವ ಅಭ್ಯಾಸ. ಕ್ಯಾಂಬೆಲ್ ಮಾತ್ರ ಅದನ್ನು ಕೇಳಿದ. ಜನ ಬಡವಾಗಿದ್ದಾರೆ, ವಿಲಾಯತಿ ಬಟ್ಟೆ ಬಂದು ನೇಕಾರರ ದುಡಿಮೆ ಕುಸಿದಿದೆ, ಎಳೆಯ ಕೈಕಾಲಿಗೆ ಚೂರು ಶಕ್ತಿ ಬಂದರೆ ಸಾಕು, ಮಗುವನ್ನು ದುಡಿಮೆಗೆ ಹಚ್ಚುತ್ತಾರೆ ಎಂಬುದು ಅವನ ವಿವರಣೆಯ ಸಾರ. ಇನ್ನೂರು ವರ್ಷದ ಹಿಂದಿನ ಈ ವಿವರಣೆಯನ್ನು ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಿಗೆ ಹೊಂದಿಸಲು ಹೆಚ್ಚೇನೂ ತಿದ್ದಬೇಕಿಲ್ಲ.

ಶಾಸನಗಳ ರೈಸ್ ಎಂದೇ ನಾವು ಬಲ್ಲ ಬಿ. ಎಲ್. ರೈಸ್ ಮೈಸೂರಿನ ವಿದ್ಯಾ ಇಲಾಖೆಯನ್ನೂ ನಡೆಸಿದವರು. 1868ರಲ್ಲಿ ಅವರ ಹೋಬಳಿ ಶಾಲೆಗಳ ಯೋಜನೆ ಬಂತು: ಹೋಬಳಿಗೊಂದು ಕನ್ನಡ ಶಾಲೆ, ಅದಕ್ಕೆ ಊರಿನವರನ್ನೇ ತರಬೇತುಗೊಳಿಸಿದ ಮೇಷ್ಟ್ರು. ಶಾಲೆ ಮನೆಯ ಹತ್ತಿರ ಬರಬೇಕು, ಕಲಿಸುವವನು ಊರ ಗುರುತಿನವನಾಗಿರಬೇಕು ಎಂಬುದು ಬುದ್ಧಿವಂತ ಯೋಚನೆ. ಆದರೆ ಹತ್ತೇ ವರ್ಷದಲ್ಲಿ 1876-78ರ ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ಕ್ಕೆ 42 ಲಕ್ಷಕ್ಕೂ ಕೆಳಗೆ ಇಳಿದರು. ಹೊಟ್ಟೆಗಿಲ್ಲದ ಮನೆಯಿಂದ ಮಗು ಶಾಲೆಗೆ ಬರುವುದಿಲ್ಲ ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ, ಆದರೂ ಇಲಾಖೆ ಅದನ್ನು ಕಲಿಯಲು ನೂರಿಪ್ಪತ್ತೈದು ವರ್ಷ ಹಿಡಿಯಿತು. ನಡುವೆ ಅದು ಹಿಡಿದದ್ದು ಕಡ್ಡಾಯದ ದಾರಿ. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರ ಕಡ್ಡಾಯ ಶಿಕ್ಷಣ ಮಸೂದೆ ಬಿದ್ದುಹೋದ ಮರುವರ್ಷ, 1913ರಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಮೈಸೂರು ಸರ್ಕಾರ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ತಂದು ಆಯ್ದ ಸ್ಥಳಗಳಲ್ಲಿ ಶಾಲೆಯನ್ನು ಕಡ್ಡಾಯ ಮಾಡಿತು. ಆ ಧೈರ್ಯವನ್ನು ಮೆಚ್ಚಬೇಕು. ಆದರೆ ಕಡ್ಡಾಯದ ಕಾಯಿದೆಗಳ ತರ್ಕ ಒಂದೇ: ಕಳಿಸದಿದ್ದರೆ ತಂದೆ ಉತ್ತರ ಹೇಳಬೇಕು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ಇದೇ ಹಾದಿಯದು. ಕೂಲಿಮಠ ಮಗುವಿನ ಅಂಗೈಗೆ ಹೊಡೆದರೆ, ಕಾಯಿದೆ ಅಪ್ಪನ ಜೇಬಿಗೆ ಕೈ ಹಾಕಹೊರಟಿತು. ಜೇಬು ಖಾಲಿ ಇದ್ದುದರಿಂದಲೇ ಮಗು ಶಾಲೆ ತಪ್ಪಿಸುತ್ತಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇದರ ಜೊತೆಗೇ ಇನ್ನೊಂದು ಧಾರೆ ಹರಿಯಿತು, ಅದು ದಯೆಯ ಧಾರೆ. ದಿನಕ್ಕೊಂದು ಮನೆಯಲ್ಲಿ ಊಟ ಹಾಕುವ ವಾರಾನ್ನ, ಬೆಂಗಳೂರಿನ ಜಾತಿ ಸಂಘಗಳ ವಿದ್ಯಾರ್ಥಿನಿಲಯ, ನೆಲಮಂಗಲದಾಚೆಯ ಸಿದ್ಧಗಂಗೆಯ ದಾಸೋಹ, ಹಿಂದುಳಿದ ವರ್ಗಗಳ ಬಗ್ಗೆ 1919ರಲ್ಲಿ ಬಂದ ಲೆಸ್ಲಿ ಮಿಲ್ಲರ್ ಸಮಿತಿಯ ವರದಿಯಿಂದ ಬಲ ಪಡೆದ ವಿದ್ಯಾರ್ಥಿವೇತನ. ಇವು ಎಷ್ಟು ಜೀವಗಳನ್ನು ಎತ್ತಿದವು ಎಂಬುದಕ್ಕೆ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರೇ ಸಾಕ್ಷಿ. ದೊಡ್ಡಬಳ್ಳಾಪುರಕ್ಕೆ ತಾಗಿದ ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗ. ಹೈಸ್ಕೂಲು ಸೇರಲು ದಾರಿಯಿಲ್ಲದೆ ಕುಳಿತಿದ್ದಾಗ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದ ಹಳೆಯ ಮೇಷ್ಟ್ರು ಎಂ. ಎಸ್. ನಾರಾಯಣರಾಯರು ಕರೆಸಿಕೊಂಡರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ನರಸಿಂಹಯ್ಯನವರು ನಡೆದೇ ಬೆಂಗಳೂರು ಸೇರಿದ ಕಥೆಯನ್ನು ನಾವು ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಆ ಕಥೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೇಷ್ಟ್ರು ನೆನಪಿಟ್ಟು ಕರೆದದ್ದು ಚೆನ್ನಾಗಿ ಓದುತ್ತಿದ್ದ ಹುಡುಗನನ್ನು. ವಾರಾನ್ನ, ನಿಲಯ, ವೇತನ ಎಲ್ಲವೂ ಬಹುಮಟ್ಟಿಗೆ ಅಂಥವರಿಗೇ ದೊರೆತವು, ಅದೂ ಕೆಳಗಿನ ತರಗತಿಗಳನ್ನು ಹೇಗೋ ದಾಟಿ ಬಂದ ಮೇಲೆ. ಎರಡನೇ ತರಗತಿಯಲ್ಲಿ ಅಕ್ಷರ ಕೂಡಿಸಲಾಗದೆ ಎಮ್ಮೆ ಕಾಯಲು ಹೋದ ಹುಡುಗನನ್ನು ಯಾವ ಮೇಷ್ಟ್ರೂ ಬೆಂಗಳೂರಿಗೆ ಕರೆಯಲಿಲ್ಲ. ಅವನಿಗೆ ನೆರವು ಬೇಕಿದ್ದದ್ದು ಏಳನೇ ವಯಸ್ಸಿನಲ್ಲಿ, ಅವನ ಊರಿನಲ್ಲೇ.

ಅಂಥ ಹುಡುಗನ ಮನೆಯ ಕೆಲಸ ಎಂಥದು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ದೇವನಹಳ್ಳಿ, ಹೊಸಕೋಟೆ ಕಡೆ ರೇಷ್ಮೆ ಬೆಳೆ ಹಳೆಯದು. ದೇವನಹಳ್ಳಿ ತಾಲೂಕಿನ ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆಯೇ ಇದೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಎನ್ನದೆ ಮೇಯುತ್ತದೆ. ಇಡೀ ಬೆಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗೂ ಮಿಕ್ಕ ಪಾಲು ಈ ಒಂದು ವಾರಕ್ಕೇ ಖರ್ಚು. ಆಮೇಲೆ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡ ಮಾಡಿದರೆ ನೂಲು ದಂಡ. ಕೂಲಿಯಾಳು ಇಡಲಾಗದ ಮನೆಯಲ್ಲಿ ಸೊಪ್ಪು ಹೊರಲು, ಹುಳು ಆರಿಸಲು ಮಗುವಿನ ಬೆರಳೂ ಬೇಕು. ವರ್ಷಕ್ಕೆ ನಾಲ್ಕೈದು ಬೆಳೆ ಎಂದರೂ ಅಷ್ಟೂ ಸಲ ವಾರದ ಗೈರುಹಾಜರಿ. ಅಷ್ಟು ಹೊತ್ತಿಗೆ ತರಗತಿ ಒತ್ತಕ್ಷರ ಮುಗಿಸಿ ಮುಂದೆ ಹೋಗಿರುತ್ತದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ಮನೆಯೊಳಗೇ ಇರುವುದರಿಂದ ಗೈರುಹಾಜರಿ ವಾರದ್ದಲ್ಲ, ಗಂಟೆಗಳದ್ದು: ಬೆಳಗ್ಗೆ ಕಂಡಿಕೆ ಸುತ್ತಿ ತಡವಾಗಿ ಬರುವ ಹುಡುಗಿ, ಸಂಜೆ ಪುಸ್ತಕ ತೆಗೆಯಲಾಗದ ಹುಡುಗ. ಇದು ಬೆಳೆದು ಎಲ್ಲಿಗೆ ಮುಟ್ಟಬಲ್ಲುದು ಎಂಬುದನ್ನು, 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 2007ರವರೆಗೂ ಸೇರಿದ್ದ ರಾಮನಗರ, ಮಾಗಡಿಗಳ ರೇಷ್ಮೆ ಉದ್ಯಮ ತೋರಿಸಿತು. ಮುಂಗಡ ಸಾಲಕ್ಕೆ ಮಕ್ಕಳನ್ನು ಒತ್ತೆಯಿಡುತ್ತಿದ್ದ ಪದ್ಧತಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಗಳ ಮೂಲಕ ಹೊರಜಗತ್ತಿಗೂ ತಿಳಿಯಿತು. ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಯ ಮುಂದೆ ನಿಂತ ಆ ಮಗುವಿಗೆ ‘ಕಲಿಕೆಯಲ್ಲಿ ಹಿಂದುಳಿದವನು’ ಎಂಬ ಹೆಸರು ಎಷ್ಟು ಹೊಂದೀತು?

ದಿಕ್ಕು ಬದಲಾದದ್ದು ಕಳೆದ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ತನ್ನ ಎರಡನೇ ಹಂತದಲ್ಲಿ ಈ ಜಿಲ್ಲೆಗೂ ಬಂತು. ದುಡಿಯುವ, ಶಾಲೆ ಬಿಟ್ಟ ಮಕ್ಕಳಿಗಾಗಿ ‘ಚಿಣ್ಣರ ಅಂಗಳ’, ‘ಬಾ ಮರಳಿ ಶಾಲೆಗೆ’, ‘ಕೂಲಿಯಿಂದ ಶಾಲೆಗೆ’ ಮುಂತಾದ ಕಾರ್ಯಕ್ರಮಗಳು ಸಾಲಾಗಿ ಬಂದವು. ನನ್ನ ಲೆಕ್ಕದಲ್ಲಿ ಅವೆಲ್ಲಕ್ಕಿಂತ ಆಳವಾದ ಬದಲಾವಣೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ಕಂಡು ಬಂದ ಸರ್ಕಾರಿ ಮೇಷ್ಟ್ರುಗಳು ಅದನ್ನು ಕಟ್ಟಿದರು. 2009-10ರಿಂದ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. ಅದರಲ್ಲಿ ಪಾಠ ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದಿರುತ್ತದೆ. ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗುರುತಾಗಿರುತ್ತದೆ. ಕಷ್ಟಪಡುವ ಮಕ್ಕಳು ಮೇಷ್ಟ್ರ ಪೂರ್ಣ ನೆರವಿನ ಗುಂಪಿನಲ್ಲಿ, ಹಿಡಿತ ಬಂದವರು ಗೆಳೆಯರ ನೆರವಿನ ಗುಂಪಿನಲ್ಲಿ, ಆಮೇಲೆ ಸ್ವಕಲಿಕೆಗೆ. ಹುಳುವಿನ ವಾರ ಮುಗಿಸಿ ಬಂದ ಮಗು ತರಗತಿಯನ್ನು ಬೆನ್ನಟ್ಟಬೇಕಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಗೈರುಹಾಜರಿ ಎಂಬುದು ಈ ನಾಡಿನ ಬದುಕಿನ ಭಾಗ ಎಂದು ಒಪ್ಪಿಕೊಂಡ ಮೊದಲ ಪಠ್ಯಕ್ರಮ ಇದು. ಈ ನಡುವೆ, ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯ ಮೇಲೆ 2001ರ ಏಪ್ರಿಲ್‌ನಲ್ಲಿ ತಂದೆತಾಯಿಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ಇತ್ತ ಕಡೆಗೂ ಬಂತು.

ಈ ಹೊಸ ದಿಕ್ಕಿಗೆ ಎದುರುಮಾತುಗಳಿವೆ. ಶಾಲೆ ಕಲಿಸಬೇಕೋ ಅನ್ನ ಹಾಕಬೇಕೋ ಎಂಬುದು ಒಂದು. ಅನ್ನ ಅಕ್ಷರ ಕಲಿಸುವುದಿಲ್ಲ, ಖಂಡಿತ. ಆದರೆ ಬಾರದ ಮಗುವಿಗೆ ಯಾವ ಮೇಷ್ಟ್ರೂ ಕಲಿಸಲಾರ. ಮಧ್ಯಾಹ್ನದ ಊಟ ಬಡ ಮನೆಯ ಲೆಕ್ಕದಲ್ಲಿ ಮಗುವನ್ನು ಕಳಿಸುವ ಕಡೆಗೆ ತಕ್ಕಡಿಯನ್ನು ಒಂದಿಷ್ಟು ವಾಲಿಸಿತು ಎಂಬುದೇ ಅದರ ಸಾಧನೆ. ಇನ್ನೊಂದು ಮಾತು ಹೆಚ್ಚು ಗಟ್ಟಿ: ನಲಿ-ಕಲಿ ಕೊಠಡಿಯಲ್ಲಿ ಆಟವೇ ಹೆಚ್ಚು, ಓದು ಕಾಣುವುದಿಲ್ಲ ಎಂದು ತಂದೆತಾಯಿಗಳೇ ದೂರುತ್ತಾರೆ, ಕೈಲಾದವರು ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ. ಒಬ್ಬರೇ ಮೇಷ್ಟ್ರು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡಿರುವಲ್ಲಿ ಈ ದೂರು ಸುಳ್ಳಲ್ಲ. ಅದು ಪದ್ಧತಿಯ ಸೋಲಿಗಿಂತ ನೇಮಕಾತಿಯ ಸೋಲು. ಮೂರನೆಯದು, ಮನೆಗೆ ಹೋಗಿ ವಿಚಾರಿಸುವುದು ಬಡವರ ಮೇಲಿನ ಕಾವಲಾಗುತ್ತದೆ ಎಂಬ ಆತಂಕ. ಕಡ್ಡಾಯದ ಕಾಯಿದೆಗಳ ಚರಿತ್ರೆ ಇರುವಾಗ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮೇಷ್ಟ್ರು ಬಾಗಿಲಿಗೆ ಬಂದು ‘ಯಾಕಮ್ಮ ಕಳಿಸಿಲ್ಲ?’ ಎಂದು ಗದರುವುದಕ್ಕೂ ‘ಹುಳು ಯಾವತ್ತು ಚಂದ್ರಿಕೆಗೆ ಬಿಡ್ತೀರಿ, ಆಮೇಲೆ ಸಂಜೆ ಅರ್ಧ ಗಂಟೆ ನಾನು ಕೂರಿಸಿಕೊಳ್ತೀನಿ’ ಎನ್ನುವುದಕ್ಕೂ ಇರುವ ಅಂತರವೇ ಇಲ್ಲಿ ಎಲ್ಲ. ಮೊದಲನೆಯದು ತಪಾಸಣೆ. ಎರಡನೆಯದು ನೆರವು.

ಕಾನೂನು ಈಗ ಎರಡನೆಯದರ ಕಡೆಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 24ನೇ ಸೆಕ್ಷನ್ ಪ್ರಕಾರ ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು ಬೇಕಾದರೆ ಹೆಚ್ಚುವರಿ ಪಾಠ ಮಾಡುವುದು, ಹಾಜರಿ ಮತ್ತು ಪ್ರಗತಿಯ ಬಗ್ಗೆ ತಂದೆತಾಯಿಗಳೊಂದಿಗೆ ನಿಯತವಾಗಿ ಮಾತನಾಡುವುದು ಮೇಷ್ಟ್ರ ಕರ್ತವ್ಯ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ, ಏಳು ದಿನ ಸತತ ಬಾರದ ಮಗುವನ್ನು ಹೊರಗುಳಿದ ಮಗು ಎಂದೇ ಎಣಿಸುವಂತೆ ರಾಜ್ಯದ ನಿಯಮ ಬಿಗಿಯಾಯಿತು. ಏಳು ದಿನ ಎಂದರೆ ನಾಲ್ಕನೇ ಜ್ವರದಿಂದ ಚಂದ್ರಿಕೆಯವರೆಗಿನ ಅವಧಿ! ಆದರೆ ಆಚರಣೆಯಲ್ಲಿ ನಮ್ಮ ಶಕ್ತಿಯೆಲ್ಲ ಹತ್ತನೇ ತರಗತಿಗೆ ಸುರಿಯುತ್ತದೆ. ಎಸ್ಸೆಸ್ಸೆಲ್ಸಿಯ ಜಿಲ್ಲಾವಾರು ಪಟ್ಟಿಯಲ್ಲಿ ಸ್ಥಾನ ಏರಿಸಲು ಬೆಳಗಿನ ಜಾವದ ಫೋನ್ ಕರೆ, ಮೇಷ್ಟ್ರು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದು, ವಿಶೇಷ ತರಗತಿ, ಮನೆ ಭೇಟಿ. ಒಂಬತ್ತು ವರ್ಷ ಮಾಡದ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸುವ ಸಾಹಸ. 5, 8, 9ನೇ ತರಗತಿಗಳಿಗೂ ಬೋರ್ಡ್ ಮಟ್ಟದ ಪರೀಕ್ಷೆ ಇಟ್ಟರೆ ತೊಡಕು ಬೇಗ ಗೊತ್ತಾಗುತ್ತದೆ ಎಂಬ ವಾದವೂ ಬಂತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪರೀಕ್ಷೆಗಳ ಫಲಿತಾಂಶಕ್ಕೆ ತಡೆ ಕೊಟ್ಟಿತು. ಐದನೇ ತರಗತಿಯ ಪರೀಕ್ಷೆ ಹೇಳುವ ಸುದ್ದಿ ಎರಡನೇ ತರಗತಿಯ ಮೇಡಂಗೆ ಮೂರು ವರ್ಷ ಮೊದಲೇ ಗೊತ್ತಿರುತ್ತದೆ.

ಗೊತ್ತಿದ್ದೂ ಮನೆಗೆ ಹೋಗಲು ಅವರಿಗೆ ಹೊತ್ತಿಲ್ಲ ಎಂಬುದು ನಿಜವಾದ ಅಡ್ಡಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇಷ್ಟಕ್ಕೆ ಮಾತ್ರ ಮೇಷ್ಟ್ರನ್ನು ಹೊರಗೆ ಬಳಸಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳಿದರೂ, ಆನ್‌ಲೈನ್ ಮಾಹಿತಿ ತುಂಬುವುದರಲ್ಲೇ ಸಂಜೆ ಮುಗಿಯುತ್ತದೆ. ಅತ್ತ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಜಿಲ್ಲೆಯ ಮನೆಗಳೇ ಬದಲಾಗಿವೆ. ಹುಳು ಮನೆಯ ಜಾಗದಲ್ಲಿ ಬಾಡಿಗೆ ಕೋಣೆಗಳು, ಕಟ್ಟಡ ಕೆಲಸಕ್ಕೆ ಕಲ್ಯಾಣ ಕರ್ನಾಟಕದಿಂದ ಬಂದವರ ಶೆಡ್ಡುಗಳು, ಹೊಸಕೋಟೆಯ ಇಟ್ಟಿಗೆ ಗೂಡುಗಳಲ್ಲಿ ಕನ್ನಡವೇ ಬಾರದ ಮಕ್ಕಳು. ದಾಖಲೆಯಲ್ಲೇ ಇಲ್ಲದ ಮಗುವಿಗೆ ಏಳು ದಿನದ ನಿಯಮ ಅನ್ವಯವಾಗುವುದೂ ಇಲ್ಲ. ಆದ್ದರಿಂದ ಮನೆ ಭೇಟಿ ಒಳ್ಳೆಯ ಮೇಷ್ಟ್ರ ಔದಾರ್ಯವಾಗಿ ಉಳಿಯಬಾರದು. ಅದನ್ನು ವೇಳಾಪಟ್ಟಿಯಲ್ಲಿ ಬರೆದು, ಅದಕ್ಕೆ ತಕ್ಕ ಸಿಬ್ಬಂದಿ ಕೊಡಬೇಕು. ಜಿಲ್ಲಾ ಪಂಚಾಯಿತಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ನಡೆಸುವ ಪರಿಶೀಲನಾ ಸಭೆಗಳಲ್ಲಿ ಅರ್ಧ ಗಂಟೆಯನ್ನಾದರೂ ಎರಡನೇ ತರಗತಿಗೆ ಮೀಸಲಿಡಲಿ.