ಚಿನ್ನದ ಮೀನು: ಆಹಾರ ಮತ್ತು ತೊಟ್ಟಿಯ ಆರೈಕೆ

ಸಿಪ್ರಿನಿಡೀ ಕುಟುಂಬಕ್ಕೆ ಸೇರಿದ ಸಿಹಿನೀರಿನ ಮೀನು. ಶಾಸ್ತ್ರೀಯ ನಾಮ ಕ್ಯಾರಾಸಿಯಸ್ ಔರೇಟಸ್. ಸುಂಗ್ ವಂಶದ ಕಾಲದ ಚೀನಾದೇಶದಲ್ಲಿ, ಕೊಳಗಳ ಬೂದುಬಣ್ಣದ ಮೀನುಗಳ ನಡುವೆ ಅಪೂರ್ವವಾಗಿ ತಲೆದೋರುತ್ತಿದ್ದ ಹೊಂಬಣ್ಣದವುಗಳನ್ನು ಆರಿಸಿ ಪೋಷಿಸಿದುದರಿಂದ ಪ್ರಸಿದ್ಧಿಗೆ ಬಂದ ಈ ತಳಿಯು 17ನೆಯ ಶತಮಾನದಲ್ಲಿ ಯೂರೋಪನ್ನು ತಲುಪಿತು.

ಆಹಾರ: ಇದು ಸರ್ವಭಕ್ಷಕ. ಜಠರವಿಲ್ಲದ ಈ ಜೀವಿಯು ಗಂಟಲಿನ ಹಲ್ಲುಗಳಿಂದ ಅರೆದ ಆಹಾರವನ್ನು ನೇರವಾಗಿ ಕರುಳಿಗೆ ಸಾಗಿಸುವುದರಿಂದ, ದಿನಕ್ಕೆ ಒಂದೆರಡು ಬಾರಿ, 2–3 ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ನೀಡತಕ್ಕದ್ದು. ನೆನೆಸಿದ ಗುಳಿಗೆ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಸೊಪ್ಪು ಹಾಗೂ ನೀರುಚಿಗಟಗಳು ಯೋಗ್ಯ ಆಹಾರಗಳು. ಮೀನು ಸದಾ ಹಸಿದಂತೆ ಮೇಲೇರಿ ಬರುವುದಾದರೂ, ಅತಿಭೋಜನವೇ ಅದರ ಅನಾರೋಗ್ಯಕ್ಕೆ ಮುಖ್ಯ ಕಾರಣಗಳಲ್ಲೊಂದು.

ತೊಟ್ಟಿ: ಮೀನಿನ ಕಿವಿರುಗಳಿಂದ ಹೊರಬೀಳುವ ಮತ್ತು ಉಳಿದ ಆಹಾರವು ಕೊಳೆತು ಉಂಟಾಗುವ ಅಮೋನಿಯವು ವಿಷಕರವಾದುದು; ಶೋಧಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಅಷ್ಟಾಗಿ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಹಲವು ವಾರಗಳು ಬೇಕಾಗುವುದರಿಂದ ಅವಸರವು ಸಲ್ಲದು. ಶೋಧಕದ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತೊಳೆದರೆ ಅವು ಸಾಯುವುವಾದ ಕಾರಣ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದನ್ನು ಹಿಂಡಬೇಕು. ವಾರಕ್ಕೊಮ್ಮೆ ಸುಮಾರು ಕಾಲುಭಾಗ ನೀರನ್ನು ಹೊರತೆಗೆದು, ಕ್ಲೋರಿನ್ ನಿವಾರಿಸಿದ, ಸಮಾನ ಉಷ್ಣತೆಯ ನೀರನ್ನು ತುಂಬುವುದು ಕ್ರಮ. ಸಣ್ಣ ಗಾಜಿನ ಬೋಗುಣಿಯಲ್ಲಿ ಆಮ್ಲಜನಕವು ಸಾಲದೆ, ಮಲಿನತೆಯು ಬಹುಬೇಗ ಸಾಂದ್ರವಾಗುವುದರಿಂದ ಅದು ಸರ್ವಥಾ ವರ್ಜ್ಯ. ವಿಶಾಲವಾದ ತೊಟ್ಟಿಯಲ್ಲಿ ಪೋಷಿತವಾದ ಮೀನು 10 ವರ್ಷಗಳಿಗೂ ಮಿಕ್ಕಿ ಬಾಳಬಲ್ಲದು.