ಮಡಿವಾಳದ ಮಗ್ಗುಲಲ್ಲಿ ದೈತ್ಯಗ್ರಹಗಳ ಲೆಕ್ಕ

ಬೆಂಗಳೂರಿನ ಮಡಿವಾಳದಿಂದ ಸೇಂಟ್ ಜಾನ್ಸ್ ಆಸ್ಪತ್ರೆಯತ್ತ ನಡೆದು ಕೋರಮಂಗಲ ಎರಡನೇ ಬ್ಲಾಕ್ ಹೊಕ್ಕರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ (ಐಐಎ) ಸಿಗುತ್ತದೆ. ಅದರ ಗೇಟಿನ ಮುಂದೆ ದಿನವೂ ಓಡಾಡುವವರು ಬಹಳ, ಒಳಗಿನ ಕೆಲಸ ಬಲ್ಲವರು ಕಡಿಮೆ. ಬೇರೆ ಸೂರ್ಯರನ್ನು ಸುತ್ತುವ ಬಾಹ್ಯಗ್ರಹಗಳನ್ನು ಪತ್ತೆಹಚ್ಚಲು ಎರಡು ಹೆದ್ದಾರಿಗಳಿವೆ. ಎರಡರಲ್ಲೂ ಈ ಸಂಸ್ಥೆಯ ಹಿರೀಕರು ಬಹು ಮುಂಚೆಯೇ ಹೆಜ್ಜೆಯಿಟ್ಟಿದ್ದರು.

ಮೊದಲನೆಯದು ಎಳೆತದ ದಾರಿ. ಗ್ರಹ ಕಣ್ಣಿಗೆ ಬೀಳದಿದ್ದರೂ ಅದರ ಸೆಳೆತಕ್ಕೆ ನಕ್ಷತ್ರ ತುಸು ಓಲಾಡುತ್ತದೆ. 1855ರಲ್ಲಿ, ಈ ಸಂಸ್ಥೆಯ ಮೂಲವಾದ ಮದ್ರಾಸ್ ವೀಕ್ಷಣಾಲಯದ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್, 70 ಒಫಿಯುಕಿ ಎಂಬ ಜೋಡಿ ನಕ್ಷತ್ರದ ಕಕ್ಷೆ ಲೆಕ್ಕಕ್ಕೆ ಕೂಡಿಬಾರದ್ದನ್ನು ಕಂಡು, ಅಲ್ಲೊಂದು ಗ್ರಹವಿರುವ ಸಂಭವ ಹೆಚ್ಚೆಂದು ಬರೆದರು. ಆ ಗ್ರಹ ಇಲ್ಲವೆಂದು ಮುಂದೆ ತಿಳಿಯಿತು. ಆದರೆ ಜೇಕಬ್ ಹಿಡಿದ ದಾರಿ ಸರಿಯಿತ್ತು, ಅವರ ಉಪಕರಣಗಳಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಅದೇ ಓಲಾಟವನ್ನು ಬೆಳಕಿನ ರೋಹಿತದಲ್ಲಿ ಅಳೆದು ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಕಂಡುಹಿಡಿದರು. 2019ರ ನೊಬೆಲ್‌ನಲ್ಲಿ ಪಾಲು ಪಡೆದರು. ಗುರುವಿನ ಅರ್ಧದಷ್ಟು ತೂಗುವ ಆ ಗ್ರಹಕ್ಕೆ ಒಂದು ವರ್ಷವೆಂದರೆ ನಮ್ಮ ನಾಲ್ಕು ದಿನ ಚಿಲ್ಲರೆ. ಅಷ್ಟು ದೊಡ್ಡ ಗ್ರಹ ನಕ್ಷತ್ರಕ್ಕೆ ಅಷ್ಟು ಹತ್ತಿರ ಇರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. ಇಂಥವಕ್ಕೆ ಈಗ ಬಿಸಿ ಗುರುಗಳೆಂದೇ ಹೆಸರು.

ಮದ್ರಾಸಿನ ವೀಕ್ಷಣಾಲಯ 1899ರಲ್ಲಿ ಕೊಡೈಕೆನಾಲ್‌ಗೆ ಸಾಗಿತು. 1971ರಲ್ಲಿ ಅದೇ ಸ್ವಾಯತ್ತ ಸಂಸ್ಥೆಯಾಗಿ, ವೇಣು ಬಾಪು ಅವರ ನಾಯಕತ್ವದಲ್ಲಿ ಇಂದಿನ ಐಐಎ ರೂಪುಗೊಂಡಿತು.

ಎರಡನೆಯದು ಮಂಕಾಗುವ ಬೆಳಕಿನ ದಾರಿ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ತಮಿಳುನಾಡಿನ ಜಾವಾದಿ ಬೆಟ್ಟಗಳ ಕವಲೂರಿನಲ್ಲಿ ಐಐಎಯ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕದಲ್ಲಿ ಕಾದಿದ್ದರು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಕ್ಷಣಕಾಲ ಮಂಕಾಯಿತು. ಹೊಸ ಉಪಗ್ರಹವಿರಬೇಕೆಂದು ಅವರು ಅಂದುಕೊಂಡರು. ಅಮೆರಿಕದ ತಂಡದ ದಾಖಲೆ ಜೊತೆಗೂಡಿದಾಗ ಅದು ಯುರೇನಸ್ಸಿನ ಉಂಗುರವೆಂದು ಖಚಿತವಾಯಿತು. ಕಾಣದ ವಸ್ತುವೊಂದು ಬೆಳಕಿಗೆ ಅಡ್ಡ ಬಂದಾಗ ತನ್ನ ಗುರುತು ಬಿಟ್ಟುಕೊಡುತ್ತದೆ ಎಂಬ ಈ ತತ್ವದಿಂದಲೇ 1999ರಲ್ಲಿ ಎಚ್‌ಡಿ 209458 ನಕ್ಷತ್ರದ ಮುಂದೆ ಒಂದು ಬಿಸಿ ಗುರು ಹಾದುಹೋದದ್ದು, ಅಂದರೆ ಅದರ ಸಂಕ್ರಮಣ, ಮೊದಲ ಬಾರಿ ದಾಖಲಾಯಿತು. ಆಮೇಲೆ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಸಾವಿರಗಟ್ಟಲೆ ಗ್ರಹಗಳನ್ನು ಹೆಕ್ಕಿತು. 2022ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕ ವಾಸ್ಪ್-39ಬಿ ಗ್ರಹದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಗುರುತಿಸಿತು.

ನೆಲದ ಮೇಲಿಂದ ಈ ಕೆಲಸ ಎಷ್ಟು ಕಷ್ಟವೆಂದು ತಿಳಿಯಲು ಲೆಕ್ಕ ನೋಡಬೇಕು. ಗುರುವಿನ ಅಡ್ಡಳತೆ ಸೂರ್ಯನದರ ಹತ್ತನೇ ಒಂದು. ಹಾಗಾಗಿ ಅದು ಅಡ್ಡ ಬಂದರೂ ಬೆಳಕು ತಗ್ಗುವುದು ನೂರಕ್ಕೆ ಒಂದು ಪಾಲು ಮಾತ್ರ. ನಮ್ಮ ವಾತಾವರಣದ ಮಿನುಗಾಟ ಅದನ್ನೇ ಮುಚ್ಚಿಹಾಕಬಲ್ಲದು. ಐಐಎಯ ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ 2019ರಲ್ಲಿ ಐದು ಬಿಸಿ ಗುರುಗಳ ಸಂಕ್ರಮಣದ ಅಧ್ಯಯನ ಪ್ರಕಟಿಸಿದರು. ಲಡಾಖಿನ ಹಾನ್ಲೆಯ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ, ಕವಲೂರಿನ 1.3 ಮೀಟರ್ ದೂರದರ್ಶಕ ಇವೆರಡನ್ನೂ ಬಳಸಿಕೊಂಡರು. ಕವಲೂರಿನದಕ್ಕೆ ಭಟ್ಟಾಚಾರ್ಯರದೇ ಹೆಸರಿದೆ. ಹಾನ್ಲೆಯದು 4,500 ಮೀಟರ್ ಎತ್ತರದಲ್ಲಿದೆ. ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುವುದು ಹೊಸಕೋಟೆಯ ಕೇಂದ್ರದಿಂದ. ಗಾಳಿಯ ಗದ್ದಲವನ್ನೂ ನಕ್ಷತ್ರದ ಸ್ವಂತ ಏರಿಳಿತವನ್ನೂ ಗಣಿತದಿಂದ ಸೋಸಿ ತೆಗೆದು ಗ್ರಹಗಳ ಗಾತ್ರ, ಕಕ್ಷೆಗಳನ್ನು ಇನ್ನಷ್ಟು ನಿಖರಗೊಳಿಸಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ.

ಆ ಐದರಲ್ಲಿ ವಾಸ್ಪ್-12ಬಿ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಸುಮಾರು 1,400 ಜ್ಯೋತಿರ್ವರ್ಷ ಆಚೆ, ಇಪ್ಪತ್ತಾರು ಗಂಟೆಗೊಮ್ಮೆ ಅದು ತನ್ನ ನಕ್ಷತ್ರವನ್ನು ಸುತ್ತುತ್ತದೆ. ನಕ್ಷತ್ರದ ಸೆಳೆತಕ್ಕೆ ಅದರ ಮೈ ಮೊಟ್ಟೆಯಂತೆ ಹಿಗ್ಗಿದೆ, ಕಕ್ಷೆ ಕುಗ್ಗುತ್ತಿದೆ. ಸುತ್ತಿನ ಅವಧಿ ವರ್ಷಕ್ಕೆ ಇಳಿಯುವುದು 30 ಮಿಲಿಸೆಕೆಂಡಿನ ಆಸುಪಾಸು. ಒಂದೆರಡು ಸಂಕ್ರಮಣ ನೋಡಿದರೆ ಇದು ಗೊತ್ತಾಗದು. ವರ್ಷಗಟ್ಟಲೆ ಸಮಯ ಗುರುತಿಸಿಟ್ಟ ಪಟ್ಟಿ ಬೇಕು. ವೆಬ್‌ನಂಥ ದುಬಾರಿ ದೂರದರ್ಶಕ ಒಂದೇ ಗ್ರಹಕ್ಕೆ ಅಷ್ಟು ರಾತ್ರಿ ಕೊಡಲಾರದು. ಹಾನ್ಲೆ, ಕವಲೂರುಗಳ ನಡುಗಾತ್ರದ ಕನ್ನಡಿಗಳು ಕೊಡಬಲ್ಲವು. ಅವುಗಳ ವೀಕ್ಷಣಾ ಸಮಯವನ್ನು ಇಂಥ ಕೆಲಸಕ್ಕೆ ಇನ್ನಷ್ಟು ಉದಾರವಾಗಿ ಮೀಸಲಿಡಬೇಕು.